ಎದ್ದವಳಿಗೆ ತುತ್ತು

ಘಟ್ಟ ಇಳಿದ ಮೇಲೆ ಮೊದಲು ಸಿಗುವ ಊರಿನವರೇ, ನಾನು ಕಲ್ಲವ್ವ. ಘಟ್ಟದ ಈಚೆಗೆ, ಮೂಡಲ ದಿಕ್ಕಿಗೆ, ದಾರಿಯ ಬದಿಯಲ್ಲಿ ಖಾನಾವಳಿ ನಡೆಸುತ್ತಿದ್ದವಳು. ನಿಮ್ಮ ಊರಿನ ಖಾನಾವಳಿಯ ನಂಬರು ಇದೇ ಅಂತ ನನ್ನ ಮೈದುನ ದುಂಡಪ್ಪ ಫೋನಿನಲ್ಲಿ ಹಾಕಿಕೊಟ್ಟಿದ್ದಾನೆ. ತಪ್ಪಿ ಬೇರೆ ಯಾರಿಗಾದರೂ ಹೋಗಿದ್ದರೆ ನೀವೂ ಕೇಳಿ, ನಷ್ಟವೇನಿಲ್ಲ. ಬರೆಯಲು ನನಗೆ ಬರುವುದಿಲ್ಲ, ಬಂದಿದ್ದರೂ ನಡೆಯುತ್ತಾ ಬರೆಯಲು ಆಗುತ್ತಿರಲಿಲ್ಲ. ನಡುವೆ ಏದುಸಿರು ಕೇಳಿಸಿದರೆ ಅದು ನನ್ನದು. ಸಪ್ಪಳ ಮಾಡುವ ಚಪ್ಪಲಿ ನನ್ನ ಮಗಳು ತುಳಜಾಳದು. ಅವಳು ಎದ್ದವಳು. ನಾನು ಎದ್ದವಳಲ್ಲ, ಬರೀ ನಡೆಯುವವಳು. ಇಬ್ಬರೂ ನಿಮ್ಮ ಊರಿನ ಕಡೆಗೇ ಬರುತ್ತಿದ್ದೇವೆ. ಅವಳ ಬಾಯಿಗೆ ಹಾಕಲು ನನ್ನ ಸೆರಗಿನಲ್ಲಿರುವ ರೊಟ್ಟಿ ಘಟ್ಟ ಇಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ವಿಷಯ ಇಷ್ಟೇ. ಉಳಿದದ್ದು ಯಾಕೆ ಹೇಳುತ್ತೇನೆಂದರೆ, ಗೊತ್ತಿಲ್ಲದವರಿಗೆ ಯಾರೂ ಹಿಟ್ಟು ಕಲಸುವುದಿಲ್ಲ.

ನಿಮ್ಮ ಕಡೆ ಏನು ಪದ್ಧತಿಯೋ, ನಮ್ಮ ಕಡೆ ಹೀಗೆ. ದಾರಿ ಮೂಡಲ ಕಡಲಿನಿಂದ ಪಡುವಲ ಕಡಲಿಗೆ ಹೋಗುತ್ತದೆ. ಕಲ್ಲಿನ ಮೇಲೆ, ಮರದ ಮೇಲೆ, ಮನೆಯ ಗೋಡೆಯ ಮೇಲೆ ಹಳದಿ ಪಟ್ಟೆ. ನಡೆಯುವವರು ಪಟ್ಟೆ ನೋಡಿಕೊಂಡು ಬರುತ್ತಾರೆ, ಪಟ್ಟೆ ನೋಡಿಕೊಂಡು ಹೋಗುತ್ತಾರೆ. ಹಿಂದಕ್ಕೆ ತಿರುಗುವುದಿಲ್ಲ. ಕಡಲು ಮುಟ್ಟಿದವರು ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಯಾಕೆ ನಡೆಯುತ್ತೀರಿ ಅಂತ ಕೇಳಿದರೆ ಒಬ್ಬನಿಗೆ ಹರಕೆ, ಒಬ್ಬಳಿಗೆ ಸಂಕಟ, ಬಹಳ ಜನಕ್ಕೆ ಬರೀ ಜಂಬ. ಅವರು ಒಂದು ಊರಿನಲ್ಲಿ ಒಂದು ರಾತ್ರಿ ಇರಬಹುದು. ಎರಡನೆಯ ರಾತ್ರಿಯೂ ಅಲ್ಲೇ ಮಲಗಿದರೆ, ಬೆಳಗಾಗುವಾಗ ಆ ಸೂರಿನ ಮನೆಯವರಲ್ಲಿ ಒಬ್ಬರು ಎದ್ದು ಪಡುವಲಕ್ಕೆ ನಡೆಯುತ್ತಾರೆ. ಬಯಲಲ್ಲಿ ಮಲಗಿದರೂ ಬಿಡುಗಡೆಯಿಲ್ಲ, ಹತ್ತಿರದ ಸೂರು ಯಾವುದೋ ಅಲ್ಲಿಂದ ಒಬ್ಬರು. ನಿಂತವನ ನಡಿಗೆ ಅಲ್ಲಿಗೆ ತೀರಿತು, ಅವನು ಮನೆಗೆ ಹೋಗಬಹುದು. ಎದ್ದವರಿಗೆ ಮಾತ್ರ ಒಂದು ಗಳಿಗೆಯೂ ನಿಲ್ಲಲು ಆಗುವುದಿಲ್ಲ. ಮಾತಾಡುತ್ತಾರೆ, ಅಳುತ್ತಾರೆ, ಕರೆದರೆ ತಿರುಗಿ ನೋಡುತ್ತಾರೆ, ಕಾಲು ಮಾತ್ರ ಹೋಗುತ್ತಲೇ ಇರುತ್ತದೆ. ಬೀಳುವವರೆಗೆ. ಕಟ್ಟಿಹಾಕಿಯೂ ನೋಡಿದ್ದೇವೆ. ಕಂಬಕ್ಕೆ ಕಟ್ಟಿದ ಒಬ್ಬನ ಕಾಲು ಗಾಳಿಯಲ್ಲೇ ನಡೆದು ನಡೆದು ಸೊಂಟದ ಕೀಲು ಬಿಟ್ಟುಹೋಯಿತು. ಆಮೇಲೆ ಯಾರನ್ನೂ ಕಟ್ಟಲಿಲ್ಲ. ನನ್ನ ಗಂಡ ಬಾಳಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಎದ್ದ. "ಕಲ್ಲೀ, ಎಮ್ಮಿಗೆ ನೀರ ಕುಡಸು," ಅಂದ, ಹೋದ. ಬೇರೇನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹಾಗಿದ್ದ ಮನುಷ್ಯ.

ಇದಕ್ಕೆ ಒಗ್ಗಿಕೊಂಡು ಬದುಕಿದವರು ನಾವು. ನಮ್ಮ ಊರಿನಲ್ಲಿ ದಾರಿಯ ಬದಿಗೆ ಒಂದು ಕಟ್ಟೆಯಿಲ್ಲ, ಬೆಂಚಿಲ್ಲ. ನನ್ನ ಖಾನಾವಳಿಯಲ್ಲಿ ನಿಂತೇ ಊಟ. ಗೋಡೆಗೆ ಎದೆಯ ಎತ್ತರಕ್ಕೆ ಹಲಗೆ ಹೊಡೆದಿದ್ದೇವೆ, ತಾಟು ಅದರ ಮೇಲೆ. ಕೂತವನು ಬೇಗ ಏಳುವುದಿಲ್ಲ, ನಿಂತವನಿಗೆ ಹೋಗುವ ಮನಸ್ಸು ಬರುತ್ತದೆ. ರಾತ್ರಿ ಮಲಗಲು ಹೊರಗೆ ತಗಡಿನ ಚಪ್ಪರ, ಚಾಪೆ ತೆಳ್ಳಗೆ. ಹೊದಿಕೆ ಬೇಕೆಂದೇ ಗಿಡ್ಡ. ಜಿಪುಣರು ಅಂತ ನಡೆಯುವವರು ಬೈಯುತ್ತಾರೆ, ಬೈಯಲಿ. ನಾವು ದಾರಿಯ ಮೇಲೆ ನಡೆಯುವುದೇ ಇಲ್ಲ, ಒಂದು ಪಟ್ಟೆಯಿಂದ ಇನ್ನೊಂದು ಪಟ್ಟೆಗೆ ದಾರಿಯ ಮೇಲೆ ಹೋದವರು ನಡೆಯುವವರಾಗಿಬಿಡುತ್ತಾರೆ. ಅಡ್ಡ ದಾಟುತ್ತೇವೆ. ಉದ್ದಕ್ಕೆ ಹೋಗಬೇಕಾದರೆ ಪಕ್ಕದ ತಗ್ಗಿನಲ್ಲಿ ಹೋಗುತ್ತೇವೆ. ಕಾಯಿಲೆ ಬಿದ್ದು ನಡೆಯಲಾರದವನು ಬಂದರೆ ಉದ್ದ ಗಳದ ಮಂಚ ಇದೆ. ಗಳ ಎಷ್ಟು ಉದ್ದವೆಂದರೆ ಮಂಚ ದಾರಿಯ ಮೇಲೆ ಹೋಗುತ್ತದೆ, ಹೊರುವವರು ಎರಡೂ ಬದಿಯ ತಗ್ಗಿನಲ್ಲಿ ಹೋಗುತ್ತಾರೆ. ಹೊತ್ತು ಒಯ್ದರೂ ದಾರಿಗೆ ಅದು ನಡೆದ ಹಾಗೆಯೇ. ಘಟ್ಟದ ಬಾಯಿಯವರೆಗೆ ಒಯ್ದು ಬಿಟ್ಟು ಬರುತ್ತೇವೆ, ಅಲ್ಲಿಂದ ಮುಂದೆ ತೆವಳಿಯಾದರೂ ಅವನೇ ಇಳಿಯಬೇಕು. ದಾರಿಯಲ್ಲೇ ಸತ್ತರೆ ಚಿಂತೆಯಿಲ್ಲ. ಸತ್ತವರು ನಿಂತ ಹಾಗೆ ಅಲ್ಲ. ಕ್ರೂರವಾಗಿ ಕೇಳಿಸುತ್ತದೆ, ಆದರೆ ಅದು ಹಾಗೇ ಇದೆ, ನಾನೇನು ಮಾಡಲಿ.

ಈ ಸಲ ಮಳೆಗೆ ಘಟ್ಟ ಕುಸಿಯಿತು. ನಿಮ್ಮ ಕಡೆಗೆ ಬರುವ ಕಿರುದಾರಿ ಪೂರಾ ಮಣ್ಣಿನಡಿ ಹೋಯಿತು. ಪಡುವಲಕ್ಕೆ ಹೋಗುವಂತಿಲ್ಲ, ಮೂಡಲದಿಂದ ಬರುವವರು ಬರುತ್ತಲೇ ಇದ್ದರು. ಮೊದಲ ರಾತ್ರಿ ಎಲ್ಲರ ಚಪ್ಪರದಲ್ಲೂ ಜನ ಮಲಗಿದರು. ಬೆಳಿಗ್ಗೆ ಊರಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವತ್ತೂ ಇವರು ಇಲ್ಲೇ ಮಲಗಿದರೆ ನಾಳೆ ಮನೆಮನೆಯಿಂದಲೂ ಒಬ್ಬೊಬ್ಬರು ಹೋಗುತ್ತಾರೆ. ಹೋಗಿ ಕುಸಿದ ಮಣ್ಣಿಗೆ ಎದೆ ಕೊಟ್ಟು ಅಲ್ಲೇ ಕಾಲಾಡಿಸುತ್ತಾ ಸಾಯುತ್ತಾರೆ.

ಆಗ ದುಂಡಪ್ಪ ಪೇಂಟಿನ ಡಬ್ಬಿ ಹಿಡಿದು ಬಂದ. ನಮ್ಮ ಮಾವನ ಕಾಲದಿಂದ ಊರಿನ ಪಟ್ಟೆ ಹೊಡೆಯುವುದು ನಮ್ಮ ಮನೆಯ ಕೆಲಸ. ಬಿಸಿಲಿಗೆ ಮಾಸಿದ ಪಟ್ಟೆಯ ಮೇಲೆ ಹೊಸದಾಗಿ ಬಳಿಯುವುದು, ಬಿದ್ದ ಮರದ ಪಟ್ಟೆಯನ್ನು ಪಕ್ಕದ ಮರಕ್ಕೆ ಹಾಕುವುದು. ಪಟ್ಟೆ ಎಲ್ಲಿಗೆ ಹೋದರೆ ದಾರಿ ಅಲ್ಲಿಗೆ.

"ವೈನಿ, ಗುಡ್ಡದ ಸುತ್ತ ಹೊಡೀತೀನಿ," ಅಂದ. "ನಮ್ಮ ಮನಿ ಮುಂದಿಂದ ಹೋಗಿ, ಗುಡ್ಡ ಸುತ್ತಿ, ತಿರುಗಿ ನಮ್ಮ ಮನಿ ಮುಂದ. ಅವರು ನಡೀತಾನ ಇರ್ಲಿ. ಘಟ್ಟ ತೆರಕೊಳ್ಳೂತನಕ."

"ಗಾಣದ ಎತ್ತಿನಂಗ?"

"ಎತ್ತಾರ ಆಗ್ಲಿ, ಕತ್ತೆಯಾರ ಆಗ್ಲಿ. ನಿಂತ್ರ ನಾವು ಹೋಗ್ತೀವಿ."

ಹೊಡೆದ. ಊರಿನವರೆಲ್ಲ ಬೆನ್ನು ತಟ್ಟಿದರು, ನಾನೂ ತಟ್ಟಿದೆ. ನಡೆಯುವವರು ಹೊಸ ಪಟ್ಟೆ ಹಿಡಿದು ಗುಡ್ಡ ಸುತ್ತತೊಡಗಿದರು. ಮಾರನೆಯ ಬೆಳಿಗ್ಗೆ ಊರಿನಲ್ಲಿ ಒಬ್ಬರೂ ಏಳಲಿಲ್ಲ. ಬೆಲ್ಲ ಹಂಚಿದೆವು.

ಆಮೇಲೆ ಗೊತ್ತಾಯಿತು ನಿದ್ದೆಯ ಕಷ್ಟ. ಊರು ಒಂದೇ, ಒಂದು ರಾತ್ರಿ ಮಲಗಿ ಆಗಿದೆ, ಇನ್ನು ಅವರು ನೆಲಕ್ಕೆ ಬೆನ್ನು ಹಚ್ಚುವಂತಿಲ್ಲ. ಹಾಗಾಗಿ ಉದ್ದ ಗಳದ ಮಂಚಗಳನ್ನು ಮಾಡಿಸಿದೆವು, ಬಿದಿರು ಸಾಲದೆ ಬಾಗಿಲಿನ ಪಟ್ಟಿ ಕಿತ್ತು ಕಟ್ಟಿದೆವು. ಸರದಿಯ ಮೇಲೆ ಮಲಗಿಸಿ ಗುಡ್ಡದ ಸುತ್ತ ಹೊರುವುದು. ಹಗಲು ಹೆಂಗಸರು, ರಾತ್ರಿ ಗಂಡಸರು. ಮಲಗಿದವನು ಗೊರಕೆ ಹೊಡೆಯುತ್ತಿದ್ದರೆ ಹೊತ್ತವಳು ಅಳುತ್ತಿದ್ದಳು. ಊರಿನಲ್ಲಿ ಹೆಗಲು ನೆಟ್ಟಗಿದ್ದವರು ಉಳಿಯಲಿಲ್ಲ. ನನ್ನ ತುಳಜಾ ಹೊರುವುದರಲ್ಲಿ ಮುಂದು. ಗಂಡನನ್ನು ಬಿಟ್ಟು ಬಂದವಳು ಅವಳು, ಕುಡಿದು ಬಂದು ಹೊಡೆಯುತ್ತಿದ್ದ ಅಂತ ಅವನ ಕೈಯಿಂದಲೇ ದೊಣ್ಣೆ ಕಸಿದು ಎರಡು ಬಾರಿಸಿ ಬಂದವಳು. ಅಂಥವಳಿಗೆ ಗಳ ಯಾವ ಲೆಕ್ಕ.

ನಡೆಯುವವರಲ್ಲಿ ಇಮಾಮಸಾಬ ಅಂತ ಒಬ್ಬ ಟೇಲರ್ ಇದ್ದ, ಮೂಡಲ ಕಡಲಿನ ಕಡೆಯವನು. ದಪ್ಪ ಮನುಷ್ಯ, ಬಾಯಿ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ ನಡೆಯಲು ಹೊರಟಿದ್ದ. ನನ್ನ ಹಲಗೆಯ ಮುಂದೆ ಹಾದುಹೋಗುವಾಗೆಲ್ಲ ಒಂದು ಮಾತು ಎಸೆದೇ ಹೋಗುವುದು.

"ಅಕ್ಕಾರ, ನಿಮ್ಮ ಸಾರಿನ್ಯಾಗ ಬ್ಯಾಳಿ ಹುಡುಕಾಕ ಇನ್ನೊಂದು ಸುತ್ತು ಬರ್ತೀನ್ರೀ!"

"ಬಾರಪಾ, ನಿನ್ನ ಹೊಟ್ಟಿ ಕರಗೂತನಕ ಬಾ," ಅನ್ನುತ್ತಿದ್ದೆ.

ಅವನ ಹಿಮ್ಮಡಿಯಲ್ಲಿ ಹುಣ್ಣಾಗಿ ಕೀವು ತುಂಬಿತ್ತು. ಒಂದು ಮಧ್ಯಾಹ್ನ ನನ್ನ ಬಾಗಿಲ ಮುಂದೆಯೇ ಕಾಲು ಕೈಕೊಟ್ಟಿತು. ಮಂಚಗಳೆಲ್ಲ ಗುಡ್ಡದ ಆ ಬದಿಯಲ್ಲಿದ್ದವು. ಅವನು ಅಲ್ಲೇ ಬಿದ್ದರೆ ಎತ್ತಿ ನಿಲ್ಲಿಸಲು ದಾರಿಯ ಹೊರಗಿನಿಂದ ಕೈಗೆ ಎಟುಕುವುದಿಲ್ಲ, ಕತ್ತಲಾಗಿ ಬೆಳಗಾದರೆ ಹತ್ತಿರದ ಸೂರು ನನ್ನದು. ಇದನ್ನೆಲ್ಲ ನಾನು ಯೋಚಿಸುತ್ತಾ ನಿಂತಿದ್ದೆ. ತುಳಜಾ ಯೋಚಿಸಲಿಲ್ಲ. ತಗ್ಗಿನಿಂದ ಜಿಗಿದು ಅವನ ಕಂಕುಳಿಗೆ ಹೆಗಲು ಕೊಟ್ಟಳು. "ನಡೀರಿ ಮಾಸ್ತರ್, ಹೆಜ್ಜಿ ಹಾಕ್ರಿ," ಅಂತ ಎಳೆದುಕೊಂಡು ಹೊರಟಳು. ಒಂದು ಪಟ್ಟೆಯಿಂದ ಇನ್ನೊಂದು ಪಟ್ಟೆ. ಅದರಿಂದ ಮುಂದಿನದು.

"ತುಳಜಾ, ಇಳೀಯವ್ವಾ!" ಅಂತ ಕೂಗಿದೆ.

"ಇನ್ನೇನ ಇಳಿಯೂದವ್ವಾ," ಅಂದಳು, ತಿರುಗಿ ನೋಡದೆ. "ಆತು ಹೋಗು."

ಅವತ್ತಿನಿಂದ ನನ್ನ ಮಗಳು ಗುಡ್ಡ ಸುತ್ತುವವರಲ್ಲಿ ಒಬ್ಬಳಾದಳು. ಒಂದು ಸುತ್ತು ಬರಲು ಒಂದು ದೊಡ್ಡ ಗಡಿಗೆ ಅನ್ನ ಬೇಯುವಷ್ಟು ಹೊತ್ತು. ನಾನು ಹಲಗೆಯ ಬಳಿ ಕಾಯುವುದು, ಅವಳು ಬಂದಾಗ ತಗ್ಗಿನಲ್ಲಿ ಜೊತೆಗೆ ಓಡಿ ತುತ್ತು ಕೊಡುವುದು, ಎಮ್ಮೆ ಕಟ್ಟುವ ಗೂಟದವರೆಗೆ ಮಾತು, ಅಲ್ಲಿಗೆ ನನ್ನ ಉಸಿರು ಮುಗಿಯುವುದು. ಹಾಗೆ ತುಂಡು ತುಂಡಾಗಿ ಮಾತಾಡಿದೆವು. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಮುಂದಿನ ಸುತ್ತಿನಲ್ಲಿ ಉತ್ತರ. ಒಂದು ಜಗಳ ಮುಗಿಸಲು ಇಡೀ ಹಗಲು ಬೇಕಾಗುತ್ತಿತ್ತು.

ಇಮಾಮಸಾಬ ಸತ್ತ. ಮಂಚದ ಮೇಲೆ, ನಾಲ್ವರ ಹೆಗಲ ಮೇಲೆ, ಮಾತಾಡುತ್ತಲೇ ಸತ್ತ. ಕೊನೆಯ ಸುತ್ತಿನಲ್ಲಿ ನನ್ನನ್ನು ಕರೆದು, "ಅಕ್ಕಾರ, ನಿಮ್ಮ ಮಗಳಿಗೆ ನಾ ಏನ್ ಮಾಡ್ಲಿ?" ಅಂದ. ಬೈಯೋಣವೆಂದರೆ ಒಳ್ಳೆಯ ಮನುಷ್ಯ. ಕ್ಷಮಿಸೋಣವೆಂದರೆ ನನಗೆ ಆಗಲಿಲ್ಲ.

ಅಷ್ಟರಲ್ಲಿ ತುಳಜಾಳ ಕಾಲು ಬಾತು, ಕಾಲುಂಗುರ ಕತ್ತರಿಸಿ ತೆಗೆಯಬೇಕಾಯಿತು. ಘಟ್ಟದ ಮಣ್ಣು ತೆಗೆದು ಕಿರುದಾರಿ ಬಿಟ್ಟಿದ್ದಾರೆ ಅಂತ ಸುದ್ದಿ ಬಂದಾಗ ಊರಿಗೆ ಊರೇ ಕುಣಿಯಿತು. ದುಂಡಪ್ಪ ಸುತ್ತಿನ ಪಟ್ಟೆಗಳಿಗೆ ಸುಣ್ಣ ಬಳಿದ, ಪಡುವಲದ ಪಟ್ಟೆಗೆ ಹೊಸ ಹಳದಿ ಕೊಟ್ಟ. ನಡೆಯುವವರು ಒಬ್ಬೊಬ್ಬರಾಗಿ ಘಟ್ಟದ ಕಡೆ ತಿರುಗಿ ಹೊರಟರು. ನಮಗೆ ಕೈಮುಗಿದವರು ಇದ್ದರು, ಉಗುಳಿ ಹೋದವರೂ ಇದ್ದರು. ತುಳಜಾ ಕೊನೆಗೆ ಬಂದಳು, ಮಂಚದ ಮೇಲೆ. ಆ ಕಾಲಿನಲ್ಲಿ ಘಟ್ಟ ಇಳಿಯುವ ಮಾತೇ ಇರಲಿಲ್ಲ. ಮಂಚ ಹೊತ್ತು ದಾಟಿಸೋಣವೆಂದರೆ ಘಟ್ಟದ ಕಿರುದಾರಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊಳ್ಳ. ಹೊರುವವರಿಗೆ ಕಾಲಿಡಲು ಬದಿಯಿಲ್ಲ.

ಹಾಗಾದರೆ ಒಂದೇ ಉಪಾಯ. ಅವಳು ನಮ್ಮ ಮನೆಯಲ್ಲಿ ಎರಡು ರಾತ್ರಿ ಮಲಗುವುದು, ಅವಳ ನಡಿಗೆ ಮುಗಿಯುವುದು, ಮನೆಯ ಒಬ್ಬರು ಏಳುವುದು. ಮನೆಯಲ್ಲಿ ನಾನು ಮತ್ತು ದುಂಡಪ್ಪ. ಒಬ್ಬರು ಆ ಎರಡು ರಾತ್ರಿ ಬೇರೆಯವರ ಸೂರಿನಡಿ ಮಲಗಿದರೆ, ಉಳಿದವರೇ ಏಳುವುದು ಖಾತ್ರಿ ಅಂತ ನಮ್ಮ ಲೆಕ್ಕ. ಯಾರು ಉಳಿಯುವುದು ಅಂತ ಹಲಗೆಯ ಎರಡೂ ಬದಿ ನಿಂತು ಜಗಳವಾಡಿದೆವು.

"ವೈನಿ, ನೀವು ಬಾಜೂಕಿನ ಬಸಣ್ಣನ ಮನ್ಯಾಗ ಮಲಗ್ರಿ. ನಾ ಏಳ್ತೀನಿ. ನನಗ ಹೆಂಡ್ತಿ ಇಲ್ಲ, ಮಕ್ಕಳಿಲ್ಲ."

"ನಿನ್ನ ಮೊಣಕಾಲು ನೋಡ್ಕೊಂಡೀಯೇನು? ಗಡಿ ಕಲ್ಲು ದಾಟೂದ್ರಾಗ ಬೀಳ್ತೀ."

"ಬೀಳಾಕ ತಾನ ಹೋಗೂದು! ಅದಕ್ಕ ಮೊಣಕಾಲು ಯಾಕ ಚೊಲೊ ಇರ್ಬೇಕು?"

"ಪಟ್ಟಿ ಹೊಡಿಯಾಂವ ಯಾರು ನಿನ್ನ ಬಿಟ್ರ? ಮುಂದಿನ ಮಳಿಗೆ ಊರ ದಿಕ್ಕು ತಪ್ಪಿಸ್ತೀಯೇನು? ಅವಳ್ನ ಹಡದಾಕಿ ನಾನು. ನಾ ಏಳ್ತೀನಿ. ಮಾತು ಮುಗೀತು."

ತುಳಜಾ ಮಂಚದ ಮೇಲಿಂದ ತಲೆ ಎತ್ತಿದಳು. "ನಾ ಒಲ್ಲೆ ಅಂದ್ರ?"

"ನಿನ್ನ ಯಾರ ಕೇಳ್ಯಾರ?" ಅಂದೆ.

"ಯವ್ವಾ, ನಾ ಹೆಂಗೂ ಸಾಯಾಕಿ. ಘಟ್ಟದಾಗ ಬಿದ್ರ ಒಬ್ಬಾಕಿ ಸಾಯ್ತೀನಿ. ಇಲ್ಲಿ ಮಲಗಿದ್ರ—"

"ಇಲ್ಲಿ ಮಲಗಿದ್ರ ನಿದ್ದಿ ಮಾಡ್ತೀ," ಅಂದೆ. ನಿದ್ದೆ ಅನ್ನುವ ಮಾತು ಕೇಳಿದ್ದೇ ಅವಳು ಎತ್ತಿದ ತಲೆ ಮತ್ತೆ ಮಂಚಕ್ಕೆ ಇಟ್ಟಳು. ಆ ಒಂದು ಮಾತಿಗೆ ಸೋತಳು.

ಊರಿನ ಹಿರಿಯರನ್ನೂ ಕೇಳಿದೆವು. ಎಲ್ಲರೂ ಬೆರಳು ಮಡಚಿ ಎಣಿಸಿ ನೋಡಿ ಸರಿ ಅಂದರು. ದುಂಡಪ್ಪ ತನ್ನ ಚಾಪೆ ಸುತ್ತಿಕೊಂಡು ಬಸಣ್ಣನ ಮನೆಗೆ ಹೋದ, ಹೋಗುವ ಮೊದಲು ನನ್ನ ಚಪ್ಪಲಿಗೆ ಹೊಸ ಅಟ್ಟೆ ಹೊಲಿದುಕೊಟ್ಟ. ತುಳಜಾ ನಡೆಯುವವಳು, ಪದ್ಧತಿಯ ಪ್ರಕಾರ ಹೊರಗಿನ ಚಪ್ಪರದಲ್ಲಿ ಮಲಗಬೇಕು. ಮಳೆಗಾಳಿ ಬೀಸುತ್ತಿತ್ತು. ಅಷ್ಟು ದಿನ ಕಣ್ಣೆದುರಿಗೆ ಗುಡ್ಡ ಸುತ್ತಿದ ಮಗಳನ್ನು ಚಪ್ಪರದಲ್ಲಿ ಮಲಗಿಸಿ ಒಳಗೆ ಬಾಗಿಲು ಹಾಕಿಕೊಳ್ಳಲು ಯಾವ ತಾಯಿಗೆ ಆಗುತ್ತದೆ, ಹೇಳಿ. ಒಳಗೆ ಕರೆದುಕೊಂಡೆ. ಬಿಸಿನೀರು ಕಾಯಿಸಿ ಕಾಲು ತೊಳೆದೆ, ಗೋಡೆಗೆ ಒರಗಿ ಕೂರಿಸಿ ಉಣಿಸಿದೆ. ಅವಳ ಹಳೆಯ ಸೀರೆ ಉಡಿಸಿದೆ. ನನ್ನ ಹಾಸಿಗೆಯಲ್ಲೇ, ನನ್ನ ಕೌದಿಯಲ್ಲೇ ಮಲಗಿಸಿದೆ. ಒಲೆ ಉರಿಸು ಅಂತ ಬೆಳಿಗ್ಗೆ ಅವಳಿಗೇ ಹೇಳಿದೆ, ಅವಳೂ ತೆವಳಿಕೊಂಡು ಹೋಗಿ ಉರಿಸಿದಳು, ಚಾ ಮಾಡಿದಳು, ಸಕ್ಕರೆ ಡಬ್ಬಿಯಲ್ಲಿ ಇರುವೆ ಬಿಟ್ಟಿದ್ದೀಯಾ ಅಂತ ನನ್ನನ್ನು ಬೈದಳು. ದುಂಡಪ್ಪ ಬಾಗಿಲಲ್ಲಿ ನಿಂತು ಚಾ ಕುಡಿದು, ಮನೆ ಮನೆಯಂತಾಯಿತು ನೋಡಿ ವೈನಿ ಅಂತ ಕಣ್ಣೊರೆಸಿಕೊಂಡ. ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎರಡನೆಯ ರಾತ್ರಿ ಕಳೆದು ನಾನು ಕಣ್ಣು ಬಿಟ್ಟಾಗ ಬೆಳಗಾಗುತ್ತಿತ್ತು. ಕಾಲುಗಳನ್ನು ನೋಡಿಕೊಂಡೆ. ಸುಮ್ಮನೆ ಮಲಗಿದ್ದವು. ಬೆರಳು ಆಡಿಸಿದೆ, ನಾನು ಹೇಳಿದಷ್ಟೇ ಆಡಿದವು. ಪಕ್ಕದಲ್ಲಿ ಕೌದಿ ಸರಿಯಿತು. ತುಳಜಾ ಎದ್ದು ನಿಂತಿದ್ದಳು, ಆ ಬಾತ ಕಾಲಿನ ಮೇಲೆ ನೆಟ್ಟಗೆ. ಮುಖ ನನ್ನ ಕಡೆ, ಕಾಲು ಬಾಗಿಲ ಕಡೆ.

"ಯವ್ವಾ," ಅಂದಳು, "ನಾನೂ ಈ ಮನಿಯಾಕೀನ ಅಲ್ಲೇನು?"

ಸೂರಿನ ಕೆಳಗೆ ಮನೆಯವರು ಇಬ್ಬರಿದ್ದೆವು. ಒಬ್ಬಳೇ ಅಂತ ನಾವು ಎಣಿಸಿದ್ದೆವು. ಚಪ್ಪರದಲ್ಲಿ ಮಲಗಿಸಿದ್ದರೆ ಹೊರಗಿನವಳಾಗಿಯೇ ಉಳಿಯುತ್ತಿದ್ದಳೋ ಏನೋ. ಯಾರಿಗೆ ಗೊತ್ತು. ಊರಿನವರು ಈಗ ಹಾಗನ್ನುತ್ತಾರೆ, ಬೆರಳು ಮಡಚಿ ಸರಿ ಅಂದ ಅದೇ ಹಿರಿಯರು. ಅನ್ನಲಿ, ಅವರ ಬಾಯಿ.

ಎದ್ದವರ ಜೊತೆ ಮನೆಯವರು ತಗ್ಗಿನಲ್ಲಿ ಓಡುತ್ತಾ ತುತ್ತು ಕೊಡುವುದು ನಮ್ಮಲ್ಲಿ ಇದ್ದೇ ಇದೆ. ಬಾಳಪ್ಪನಿಗೂ ಕೊಟ್ಟಿದ್ದೇನೆ. ಸೆರಗಿಗೆ ರೊಟ್ಟಿ ಸುರಿದುಕೊಂಡೆ, ನೀರಿನ ಬಾಟಲಿ ಸೊಂಟಕ್ಕೆ ಸಿಕ್ಕಿಸಿದೆ, ಓಡಿದೆ. ಅರ್ಧ ಊರು ಹಿಂದೆ ಬಂತು. ಗಡಿ ಕಲ್ಲಿನ ಬಳಿ ಅವರು ನಿಂತರು. ದುಂಡಪ್ಪ ಕುಂಟುತ್ತಾ ಇನ್ನೂ ಒಂದಷ್ಟು ದೂರ ಬಂದ, ಫೋನು ನನ್ನ ಕೈಗಿಟ್ಟ. "ವೈನಿ, ಘಟ್ಟದ ಬಾಯಿಗೆ ತಿರುಗಿ ಬರ್ರಿ," ಅಂದ. ಅಲ್ಲಿಂದ ಎಲ್ಲರೂ ತಿರುಗುತ್ತಾರೆ. ಅಲ್ಲಿ ತಗ್ಗು ಮುಗಿಯುತ್ತದೆ, ಬಂಡೆ ಮತ್ತು ಕೊಳ್ಳದ ನಡುವೆ ದಾರಿಯೊಂದೇ. ಬಾಳಪ್ಪನನ್ನು ಅಲ್ಲೇ ಬಿಟ್ಟು ಬಂದಿದ್ದೆ. ಮುಂದಕ್ಕೆ ಒಂದು ಕೈ ಚಾಚಿ ಕೊನೆಯ ತುತ್ತು ಕೊಟ್ಟೆ, ಅವನು ಅಗಿಯುತ್ತಾ ಹೋದ, ಬೆನ್ನು ಕಂಡಿತು, ಅಷ್ಟೇ.

ಒಂದು ವಿಷಯ ಹೇಳುತ್ತೇನೆ. ಎದ್ದವರು ನಡೆದು ಸಾಯುವುದಿಲ್ಲ, ಹಸಿದು ಸಾಯುತ್ತಾರೆ, ಬಾಯಾರಿ ಸಾಯುತ್ತಾರೆ. ನಾನು ಅನ್ನ ಹಾಕಿ ಬದುಕಿದವಳು, ನನಗೆ ಇದು ಗೊತ್ತು. ತಗ್ಗು ಮುಗಿದ ಮೇಲೆ ಯಾರೂ ಅವರಿಗೆ ಉಣಿಸಿಲ್ಲ, ಹಾಗಾಗಿ ಉಣಿಸಿದರೆ ಕಡಲು ಮುಟ್ಟುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕಡಲಿನಲ್ಲಿ ಕಾಲು ನಿಲ್ಲಲೇಬೇಕಲ್ಲ, ಅದರಾಚೆ ಪಟ್ಟೆ ಹೊಡೆಯಲು ಕಲ್ಲೆಲ್ಲಿದೆ?

ಘಟ್ಟದ ಬಾಯಿಗೆ ಬಂದಾಗ ತುಳಜಾ ಬಾಯಿ ತೆರೆದಳು, ಕೊನೆಯ ತುತ್ತಿಗೆ. ಅವಳಿಗೂ ಪದ್ಧತಿ ಗೊತ್ತು. ನಾನು ತುತ್ತು ಕೊಡಲಿಲ್ಲ. 

"ಸರಿ ಅತ್ತಾಗ," ಅಂದೆ. "ಇಬ್ಬರಿಗೂ ಜಾಗ ಆಗ್ತದ."

"ಯವ್ವಾ, ಬ್ಯಾಡ! ಹುಚ್ಚಿ, ಹತ್ತಬ್ಯಾಡ!"

ಹತ್ತಿದೆ. ಅವಳು ನನ್ನನ್ನು ಮೊಣಕೈಯಿಂದ ತಿವಿದಳು, ಬೈದಳು, ಅವಳ ಗಂಡನನ್ನೂ ಹಾಗೆ ಬೈದಿರಲಿಲ್ಲ. ಅಷ್ಟರಲ್ಲಿ ಮುಂದಿನ ಪಟ್ಟೆ ದಾಟಿಯಾಗಿತ್ತು. ನಾನೂ ನಡೆಯುವವಳು. ರಾತ್ರಿ ಮಲಗುವ ಹಕ್ಕು ನನಗಿದೆ, ಆದರೆ ನಾನು ಮಲಗಿದರೆ ಅವಳು ಅಷ್ಟು ದೂರ ಹೋಗಿಬಿಡುತ್ತಾಳೆ. ಮುದುಕಿ ಓಡಿ ಹಿಡಿಯಲು ಆಗುತ್ತದೆಯೇ. ಅದಕ್ಕೆ ಮಲಗಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ನಡೆಯುತ್ತಾಳೆ, ನಾನು ರಟ್ಟೆ ಹಿಡಿದಿರುತ್ತೇನೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಅವಳು ಎಡವಿದಳು. ಊರಿನವರೇ, ರೊಟ್ಟಿ, ನೀರು. ತಗ್ಗಿನಲ್ಲಿ ನಿಂತು ಕೊಡಿ ಸಾಕು. ದಾರಿ ಹತ್ತಿ ಅಂತ ಯಾರಿಗೂ ಹೇಳುವುದಿಲ್ಲ.

ಮತ್ತೆ ನಾನೇ, ಕಲ್ಲವ್ವ. ಘಟ್ಟ ಇಳಿದೆವು. ನೀವು ಕೇಳಿಸಿಕೊಂಡಿದ್ದೀರಿ ಅಂತ ಗೊತ್ತಾಯಿತು. ನಿಮ್ಮ ಊರಿನ ಮನೆಗಳು ಕಾಣಿಸುವ ತಿರುವಿನಲ್ಲಿ, ದೊಡ್ಡ ಆಲದ ಬುಡದಲ್ಲಿ, ಪಟ್ಟೆಯ ಮೇಲೆ ಸುಣ್ಣ ಬಳಿದಿದ್ದೀರಿ. ಹೊಸ ಹಳದಿ ಪಟ್ಟೆ ಊರು ಬಿಟ್ಟು ಬತ್ತಿದ ಕೆರೆಯೊಳಗೆ ಹೋಗುತ್ತದೆ. ಕಲ್ಲು ಮುಟ್ಟಿದೆ, ಬಣ್ಣ ಇನ್ನೂ ಹಸಿ, ಬೆರಳಿಗೆ ಹತ್ತಿತು. ಮುದುಕಿ ನಮ್ಮ ಸೂರುಗಳ ಹತ್ತಿರ ಬಿದ್ದು ಏಳಲಾರದೆ ಎರಡು ರಾತ್ರಿ ಕಳೆದರೆ ಅಂತ ಹೆದರಿದಿರಿ. ಸರಿಯಾಗಿಯೇ ಹೆದರಿದಿರಿ. ಕೆರೆಯಲ್ಲಿ ನೆರಳಿಲ್ಲ, ನೆಲ ಬಿರಿದು ಬಿಟ್ಟಿದೆ, ತುಳಜಾಳ ಹೆಬ್ಬೆರಳು ಬಿರುಕಿಗೆ ಸಿಕ್ಕಿ ಉಗುರು ಹೋಯಿತು. ನಿಮ್ಮನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಫೋನು ಒತ್ತಿರಲಿಲ್ಲ, ನಿಮ್ಮ ಪುಣ್ಯ.

ಕೆರೆಯ ನಡುವಿನ ಮೊದಲ ಪಟ್ಟೆಯ ಬಳಿ ಒಂದು ಮಡಕೆ ನೀರು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಯಾರೂ ಇರಲಿಲ್ಲ. ಎರಡನೆಯದರ ಬಳಿಯೂ ಹಾಗೇ, ಜೊತೆಗೆ ಬೇಳೆ. ಕೊನೆಯ ಪಟ್ಟೆಯ ಬಳಿ, ಕೆರೆಯ ಏರಿಯ ಮೇಲೆ, ಒಬ್ಬಳು ಹೆಂಗಸು ನಿಂತಿದ್ದಳು. ಫಕೀರವ್ವ ಅಂತ ಹೆಸರು ಹೇಳಿದಳು, ನಿಮ್ಮ ಖಾನಾವಳಿಯವಳು, ಫೋನು ಅವಳದೇ. ದಾರಿಗೆ ಇಳಿಯದೆ ಬದಿಯಲ್ಲಿ ನಮ್ಮ ಜೊತೆ ಹೆಜ್ಜೆ ಹಾಕಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾ. ಊರಾಗ ಕೂಸುಗಳು ಅದಾವ."

"ಸಿಟ್ಟು ಎಲ್ಲೀದು? ನಾ ಆಗಿದ್ರ ರೊಟ್ಟೀನೂ ಇಡ್ತಿರ್ಲಿಲ್ಲ."

ಅವಳು ಅನ್ನ ಕಲಸಿ ತಂದಿದ್ದಳು. ನಡಿಗೆಯ ಕುಲುಕಿಗೆ ನನ್ನ ಕೈಯ ತುತ್ತು ಚೆಲ್ಲುತ್ತಿತ್ತು, ಅದನ್ನು ನೋಡಿ ತಾನೇ ತುಳಜಾಳ ಬಾಯಿಗೆ ಚಾಚಿದಳು. ತುಳಜಾ ಬಾಯಿ ತೆರೆಯಲಿಲ್ಲ.

"ಮುಂದಿನ ಊರಿಗೆ ಫೋನ್ ಮಾಡಿ ಹೇಳವ್ವಾ," ಅಂದೆ ಫಕೀರವ್ವನಿಗೆ. "ಅವರ ನಂಬರು ನನ್ನ ಕಡೆ ಇಲ್ಲ. ನಾ ಬಿದ್ರ ಎಬ್ಬಸರಿ ಅನ್ನು, ಬಡದು ಎಬ್ಬಸರಿ. ಸತ್ತಿದ್ರ ದಾಟಿ ಹೋಗ್ರಿ. ಅವಳ ಬಾಯಾಗ ತುತ್ತು ಬೀಳ್ಲಿ. ಒಂದೊಂದ ಊರಿನವರು ತಮ್ಮ ಗಡಿತನಕ ಉಣಿಸಿದ್ರ ಸಾಕು."

"ಹೇಳ್ತೀನ್ರಿ."

"ಕೇಳಂಗಿಲ್ಲ ಅವರು."

"ಹೇಳೂದಂತೂ ಹೇಳ್ತೀನ್ರಿ," ಅಂದಳು. ಬುತ್ತಿಯ ಗಂಟನ್ನು ನನ್ನ ಹೆಗಲಿಗೆ ಹಾಕಿ ಅಲ್ಲೇ ನಿಂತಳು, ಅವಳ ಊರಿನ ಗಡಿ ಬಂದಿತ್ತು.

ಮುಂದೆ ಬಯಲು. ಗಂಟಿನಿಂದ ಒಂದು ಹಿಡಿ ಅನ್ನ ತೆಗೆದು ತುಳಜಾಳ ತುಟಿಗೆ ಒತ್ತಿದೆ. ಅವಳು ಮುಖ ತಿರುಗಿಸಿದಳು.

"ಸಾಕವ್ವಾ," ಅಂದಳು, ಮೆಲ್ಲಗೆ. "ಇನ್ನ ಬಿಡು ನನ್ನ. ನೀ ಮನಿಗೆ ಹೋಗು."

ಬಸ್ಸಿನ ದಾರಿ ಅಲ್ಲೇ ದೂರದಲ್ಲಿ ಕಾಣುತ್ತಿತ್ತು. ನಾನು ನಿಂತು ಎರಡು ರಾತ್ರಿ ಮಲಗಿದರೆ ನನ್ನ ನಡಿಗೆಯೂ ಮುಗಿಯುತ್ತದೆ. ಯಾರದೋ ಮನೆಯಿಂದ ಯಾರೋ ಏಳುತ್ತಾರೆ, ನಾನು ಮನೆಗೆ ಹೋಗಬಹುದು. ಅವಳಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ಸುಳ್ಳೇಕೆ, ಬಸ್ಸಿನ ಕಡೆ ಒಮ್ಮೆ ನೋಡಿದೆ.

ಆಮೇಲೆ ಅವಳ ಗಲ್ಲ ಹಿಡಿದೆ, ಚಿಕ್ಕಂದಿನಲ್ಲಿ ಔಷಧಿ ಕುಡಿಸುವಾಗ ಹಿಡಿಯುತ್ತಿದ್ದ ಹಾಗೆ, ನೋಯುವಷ್ಟು ಗಟ್ಟಿಯಾಗಿ.

"ಸಾಕೋ ಬ್ಯಾಡೋ ಹೇಳೂದು ಬಡಿಸಾಕಿ," ಅಂದೆ. "ಬಾಯಿ ತಗಿ."

ಬಹಳ ದೂರ ತೆಗೆಯಲಿಲ್ಲ. ಅನ್ನ ನನ್ನ ಬೆರಳುಗಳಲ್ಲೇ ಒಣಗಿತು. ನಾನು ಕೈ ಕೆಳಗಿಳಿಸಲಿಲ್ಲ. ಮುಂದಿನ ಕಲ್ಲಿನ ಪಟ್ಟೆ ದಾಟುವಾಗ ತೆಗೆದಳು.